ಭತ್ತ ಕೊಯ್ಯುವ ಮಷಿನ್ ಇಟ್ಟು ಉದ್ಯಮ ನಡೆಸುವವರಿಗೆ ಸರ್ಕಾರಿ ಬೆಂಬಲದ ಸಾಲ: ಪದೇ ಪದೇ ಕೇಳುವ ಪ್ರಶ್ನೆಗಳು

ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ, ಸಿರುಗುಪ್ಪದ ಕಡೆಯಿಂದ ಬರುವವರಿಗೆ ಬ್ಯಾಂಕ್ ಸಾಲದ ಯೋಜನಾ ವರದಿ ಬರೆದುಕೊಡುವುದು ನನ್ನ ಕೆಲಸ. ಕಟಾವು ಯಂತ್ರ ಕೊಂಡು ಬಾಡಿಗೆಗೆ ಓಡಿಸಬೇಕೆಂದು ಬರುವವರು ಮುಂಗಾರಿನ ಸುಗ್ಗಿಗೆ ಎರಡು ತಿಂಗಳಿರುವಾಗ ಹೆಚ್ಚು. ಅವರು ಎದುರಿಗೆ ಕುಳಿತು ಕೇಳಿದ, ಫೋನಿನಲ್ಲಿ ಕೇಳಿದ, ಪತ್ರದಲ್ಲಿ ಬರೆದ ಪ್ರಶ್ನೆಗಳನ್ನು ಆದಷ್ಟು ಅವರ ಮಾತಿನಲ್ಲೇ ಇಟ್ಟು, ಸರಳವಾದವನ್ನು ಮೊದಲು, ತೊಡಕಿನವನ್ನು ಆಮೇಲೆ ಜೋಡಿಸಿದ್ದೇನೆ.

## ಮೊದಲು ತಿಳಿಯಬೇಕಾದವು

ಸರ್ಕಾರಿ ಸಾಲ ಅಂದ್ರ ಸರ್ಕಾರ ನಮಗ ನೇರ ರೊಕ್ಕ ಕೊಡತೈತೇನ್ರಿ?

ಕೊಡುವುದಿಲ್ಲ. ಹಣ ಬ್ಯಾಂಕಿನದು, ಮಂಜೂರು ಮಾಡುವ ಅಥವಾ ತಿರಸ್ಕರಿಸುವ ಅಧಿಕಾರವೂ ಬ್ಯಾಂಕಿನದೇ. ಸರ್ಕಾರದ ಬೆಂಬಲ ಮೂರು ಬಗೆಯಲ್ಲಿ ಬರುತ್ತದೆ: ಸಾಲ ಮುಳುಗಿದರೆ ಬ್ಯಾಂಕಿನ ನಷ್ಟದ ಒಂದು ಪಾಲನ್ನು ತುಂಬಿಕೊಡುವ ಗ್ಯಾರಂಟಿ, ಬಡ್ಡಿಯ ಒಂದು ಭಾಗವನ್ನು ಸರ್ಕಾರವೇ ಭರಿಸುವ ಬಡ್ಡಿ ರಿಯಾಯಿತಿ, ಮತ್ತು ಯಂತ್ರದ ಬೆಲೆಯಲ್ಲಿ ಒಂದು ಪಾಲು ಕೊಡುವ ಸಹಾಯಧನ, ಅಂದರೆ ಸಬ್ಸಿಡಿ. ಒಂದೊಂದು ಯೋಜನೆಯಲ್ಲಿ ಇವುಗಳಲ್ಲಿ ಒಂದೋ ಎರಡೋ ಇರುತ್ತವೆ. ಹೀಗಾಗಿ ‘ಯಾವ ಸಾಲ’ ಎಂದು ಕೇಳುವುದಕ್ಕಿಂತ ‘ಈ ಯೋಜನೆಯಲ್ಲಿ ಮೂರರಲ್ಲಿ ಯಾವುದಿದೆ’ ಎಂದು ಕೇಳಿದರೆ ಅರ್ಧ ಗೊಂದಲ ಅಲ್ಲಿಯೇ ಕಳೆಯುತ್ತದೆ.

ಗ್ಯಾರಂಟಿ ಸರ್ಕಾರದ್ದು ಅಂದಮ್ಯಾಲ ನಾವು ಕಟ್ಟದಿದ್ರೂ ನಡೀತೈತಲ್ಲ?

ನನ್ನ ಮುಂದೆ ಅತಿ ಹೆಚ್ಚು ಬಾರಿ ಬಂದ ತಪ್ಪು ತಿಳಿವಳಿಕೆ ಇದು. ಗ್ಯಾರಂಟಿ ಕಾಯುವುದು ಬ್ಯಾಂಕನ್ನು, ಸಾಲಗಾರನನ್ನಲ್ಲ. ಕೇಂದ್ರ ಸರ್ಕಾರ ಮತ್ತು ಸಿಡ್ಬಿ (ಸಣ್ಣ ಉದ್ಯಮಗಳ ಅಭಿವೃದ್ಧಿ ಬ್ಯಾಂಕ್) ಸೇರಿ 2000ದಲ್ಲಿ ಸ್ಥಾಪಿಸಿದ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಸಾಲ ಗ್ಯಾರಂಟಿ ನಿಧಿಯಿಂದ ಬ್ಯಾಂಕಿಗೆ ಹಣ ಬಂದ ಮೇಲೂ ನಿಮ್ಮ ಮೇಲಿನ ಬಾಕಿ ಹಾಗೆಯೇ ಇರುತ್ತದೆ, ವಸೂಲಿ ಮುಂದುವರಿಯುತ್ತದೆ, ಕ್ರೆಡಿಟ್ ವರದಿಯಲ್ಲಿ ಕಪ್ಪು ಚುಕ್ಕೆ ಉಳಿಯುತ್ತದೆ. ಅಷ್ಟೇ ಅಲ್ಲ, ಈ ಗ್ಯಾರಂಟಿಗೆ ವರ್ಷಕ್ಕೊಮ್ಮೆ ಶುಲ್ಕವಿದೆ ಮತ್ತು ಬ್ಯಾಂಕುಗಳು ಅದನ್ನು ಸಾಮಾನ್ಯವಾಗಿ ಸಾಲಗಾರನ ಖಾತೆಯಿಂದಲೇ ತೆಗೆಯುತ್ತವೆ. ಇಷ್ಟಾದರೂ ಅದರಿಂದ ನಿಮಗಿರುವ ಲಾಭ ಸಣ್ಣದಲ್ಲ: ಅಡವಿಡಲು ಆಸ್ತಿಯಿಲ್ಲದವರೂ ಬ್ಯಾಂಕಿನ ಬಾಗಿಲಿಗೆ ಹೋಗಬಹುದು.

ಮಷಿನ್ ಇಟ್ಕೊಂಡು ಬಾಡಿಗಿ ಹೊಡೆಯೋದು ಒಕ್ಕಲುತನಾನೋ, ಬಿಸಿನೆಸ್ಸೋ?

ಯಾರು ಕೇಳುತ್ತಿದ್ದಾರೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ, ಮತ್ತು ಈ ಒಂದು ಪ್ರಶ್ನೆಯನ್ನು ಬಿಡಿಸಿಕೊಳ್ಳದೆ ಬ್ಯಾಂಕಿಗೆ ಹೋದವರೇ ಹೆಚ್ಚು ಅಲೆದಾಡುತ್ತಾರೆ.

ರಿಸರ್ವ್ ಬ್ಯಾಂಕಿನ ಆದ್ಯತಾ ವಲಯದ, ಅಂದರೆ ಬ್ಯಾಂಕುಗಳು ಇಂತಿಷ್ಟು ಸಾಲ ಕೊಡಲೇಬೇಕಾದ ಕ್ಷೇತ್ರಗಳ ನಿಯಮದಲ್ಲಿ, ಟ್ರ್ಯಾಕ್ಟರು, ಒಕ್ಕುವ ಯಂತ್ರ, ಕಂಬೈನ್ (ಕೊಯ್ದು ಒಕ್ಕುವ ಯಂತ್ರ) ಮೊದಲಾದವುಗಳನ್ನು ಇಟ್ಟುಕೊಂಡು ಗುತ್ತಿಗೆಯ ಮೇಲೆ ರೈತರ ಹೊಲದ ಕೆಲಸ ಮಾಡಿಕೊಡುವ ಘಟಕಗಳಿಗೆ ಕೊಡುವ ಸಾಲವು ಕೃಷಿಗೆ ಪೂರಕವಾದ ಚಟುವಟಿಕೆಯ ಸಾಲವೆಂದು ಎಣಿಕೆಯಾಗುತ್ತದೆ. ಸೂಕ್ಷ್ಮ, ಸಣ್ಣ ಉದ್ಯಮಗಳ ಲೆಕ್ಕದಲ್ಲಿ ಇದು ಸೇವಾ ಉದ್ಯಮ. ರಾಷ್ಟ್ರೀಯ ಕೈಗಾರಿಕಾ ವರ್ಗೀಕರಣದಲ್ಲಿ ಬೆಳೆ ಉತ್ಪಾದನೆಗೆ ನೆರವಾಗುವ ಚಟುವಟಿಕೆಗಳಿಗೆ 0161 ಎಂಬ ಸಂಕೇತವಿದ್ದು, ಚಾಲಕನ ಸಮೇತ ಕೃಷಿ ಯಂತ್ರ ಒದಗಿಸುವುದು ಅದರೊಳಗೆ ಬರುತ್ತದೆ. ಚಾಲಕನಿಲ್ಲದೆ ಬರೀ ಯಂತ್ರವನ್ನು ಬಾಡಿಗೆಗೆ ಕೊಟ್ಟರೆ ಸಂಕೇತವೇ ಬೇರೆ. ಆದಾಯ ತೆರಿಗೆಯವರಿಗೆ ಇದು ನೇರ ವ್ಯಾಪಾರ. ಜಿಎಸ್‌ಟಿಯಲ್ಲಿ ಮಾತ್ರ ಕೃಷಿ ಸೇವೆಯೆಂದು ವಿನಾಯಿತಿ ಇದೆ.

ಇದರ ಪರಿಣಾಮ ಅರ್ಜಿಯ ಮೇಲೆ ಆಗುತ್ತದೆ. ಶಾಖೆಯಲ್ಲಿ ನಿಮ್ಮ ಕಡತ ಕೃಷಿ ವಿಭಾಗದ ಅಧಿಕಾರಿಯ ಮೇಜಿಗೆ ಹೋದರೆ ಪಹಣಿ ಕೇಳುತ್ತಾರೆ, ಉದ್ಯಮ ವಿಭಾಗಕ್ಕೆ ಹೋದರೆ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮವೆಂದು ಕೇಂದ್ರ ಸರ್ಕಾರದಲ್ಲಿ ಮಾಡಿಸುವ ನೋಂದಣಿ ಕೇಳುತ್ತಾರೆ. ಕೃಷಿ ಸಾಲವೆಂದು ದಾಖಲಾದ ಮೇಲೆ, ಕೃಷಿ ಮೂಲಸೌಕರ್ಯ ನಿಧಿಯಂತಹ ಪ್ರತ್ಯೇಕ ಏರ್ಪಾಡು ಇಲ್ಲದಿದ್ದರೆ, ಸಣ್ಣ ಉದ್ಯಮಗಳ ಗ್ಯಾರಂಟಿ ಸಿಗುವುದು ಕಷ್ಟ. ಆದ್ದರಿಂದ ಮೊದಲ ದಿನವೇ ‘ಇದನ್ನು ಯಾವ ವಿಭಾಗದಲ್ಲಿ ತೆಗೆದುಕೊಳ್ಳುತ್ತೀರಿ’ ಎಂದು ಕೇಳಿ.

ನನ್ನ ಹೆಸರಿಗೆ ಹೊಲ ಇಲ್ರಿ, ಸಾಲ ಆಗತೈತಾ?

ಆಗುತ್ತದೆ, ಉದ್ಯಮವೆಂದು ಅರ್ಜಿ ಹಾಕಿದರೆ. ಕೃಷಿ ಇಲಾಖೆಯ ವೈಯಕ್ತಿಕ ಸಹಾಯಧನಕ್ಕೆ ಮಾತ್ರ ಪಹಣಿ ಮತ್ತು ಫ್ರೂಟ್ಸ್ (ರಾಜ್ಯದ ರೈತ ನೋಂದಣಿ ತಂತ್ರಾಂಶ) ಗುರುತಿನ ಸಂಖ್ಯೆ ಬೇಕಾಗುತ್ತದೆ.

## ಯಾವ ಯೋಜನೆ ಯಾರಿಗೆ

ಮುದ್ರಾದಾಗ ಹಾರ್ವೆಸ್ಟರ್ ಬರತೈತೇನು?

2015ರ ಏಪ್ರಿಲ್‌ನಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ ಶಿಶು 50 ಸಾವಿರದವರೆಗೆ, ಕಿಶೋರ 5 ಲಕ್ಷದವರೆಗೆ, ತರುಣ 10 ಲಕ್ಷದವರೆಗೆ. ತರುಣ ಸಾಲ ಪಡೆದು ಸರಿಯಾಗಿ ತೀರಿಸಿದವರಿಗೆ 2024ರ ಅಕ್ಟೋಬರ್‌ನಿಂದ 20 ಲಕ್ಷದವರೆಗೆ ತರುಣ ಪ್ಲಸ್ ಇದೆ. ಇದಕ್ಕೆ ಆಸ್ತಿಯ ಅಡಮಾನ ಬೇಡ. ಬೆಳೆ ಸಾಲ, ಭೂ ಅಭಿವೃದ್ಧಿಯಂತಹವು ಇದರಲ್ಲಿ ಬರುವುದಿಲ್ಲ.

ಹೊಸ ಕಂಬೈನ್ ಹಾರ್ವೆಸ್ಟರಿನ ಬೆಲೆಗೆ 10 ಲಕ್ಷ ಸಾಲುವುದಿಲ್ಲ ಎಂಬುದು ಬೇರೆ ಹೇಳಬೇಕಾಗಿಲ್ಲ. ಮುದ್ರಾ ಇಲ್ಲಿ ಎರಡು ಕಡೆ ಕೆಲಸಕ್ಕೆ ಬರುತ್ತದೆ. ಹುಲ್ಲಿನ ಪೆಂಡಿ ಕಟ್ಟುವ ಬೇಲರ್, ಒಕ್ಕುವ ಯಂತ್ರದಂತಹ ಸಣ್ಣ ಯಂತ್ರಗಳಿಂದ ಉದ್ಯಮ ಆರಂಭಿಸುವವರಿಗೆ ಅದು ಸಾಕು. ಮಷಿನ್ ಈಗಾಗಲೇ ಇರುವವರಿಗೆ ಡೀಸೆಲ್, ಚಾಲಕನ ಮುಂಗಡ, ಬ್ಲೇಡು, ಬೆಲ್ಟು, ಚೈನುಗಳ ಸುಗ್ಗಿ ಮುಂಚಿನ ಖರ್ಚಿಗೆ ದುಡಿಯುವ ಬಂಡವಾಳವಾಗಿ ಕಿಶೋರ ಸಾಲ ಒಳ್ಳೆಯದು. ಸುಗ್ಗಿ ಮೊದಲ ವಾರದಲ್ಲಿ ಪಂಪಿನವರ ಬಳಿ ಉದ್ದರಿ ಹಚ್ಚಿ, ಅವರು ಹೇಳಿದ ದರಕ್ಕೆ ತಲೆಯಾಡಿಸುವುದಕ್ಕಿಂತ ಇದು ಎಷ್ಟೋ ಅಗ್ಗ.

ಪಿಎಂಇಜಿಪಿದಾಗ 35 ಪರ್ಸೆಂಟ್ ಸಬ್ಸಿಡಿ ಐತಂತ, ಅದರಾಗ ಹಾಕಿಕೊಡ್ರಿ?

ಪಿಎಂಇಜಿಪಿ ಎಂದರೆ ಪ್ರಧಾನಮಂತ್ರಿಗಳ ಉದ್ಯೋಗ ಸೃಜನ ಯೋಜನೆ. ಅದರಲ್ಲಿ ಹಳ್ಳಿಯಲ್ಲಿ ಉದ್ಯಮ ಮಾಡುವ ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗದಂತಹ ವಿಶೇಷ ವರ್ಗದವರಿಗೆ ಶೇ 35, ಸಾಮಾನ್ಯ ವರ್ಗಕ್ಕೆ ಶೇ 25 ಎಂಬುದು ನಿಜ. ಆದರೆ ಬೆಳೆ ಬೆಳೆಯುವುದಕ್ಕೆ ಸಂಬಂಧಿಸಿದ ಉದ್ಯಮಗಳು ಆ ಯೋಜನೆಯ ನಿಷೇಧಿತ ಪಟ್ಟಿಯಲ್ಲಿವೆ, ಮತ್ತು ಮೂಲ ಮಾರ್ಗಸೂಚಿಯ ಆ ಪಟ್ಟಿಯಲ್ಲಿ ಹಾರ್ವೆಸ್ಟರ್ ಯಂತ್ರದ ಹೆಸರನ್ನೇ ಬರೆದಿದ್ದರು. ‘ಸೇವಾ ಉದ್ಯಮ ಅಂತ ಬರೆದು ಹಾಕೋಣ’ ಎಂದು ಮಧ್ಯವರ್ತಿಗಳು ಹೇಳುತ್ತಾರೆ, ಅರ್ಜಿ ಶುಲ್ಕವೆಂದು ಹಣವನ್ನೂ ಪಡೆಯುತ್ತಾರೆ. ಅಂತಹ ಅರ್ಜಿ ಬರೆದುಕೊಡಲು ನಾನು ಒಪ್ಪುವುದಿಲ್ಲ. ಭತ್ತ ಒಣಗಿಸುವುದು, ಹಸನು ಮಾಡುವುದು, ಸಂಸ್ಕರಿಸುವುದು ನಿಮ್ಮ ಯೋಜನೆಯಾದರೆ ಮಾತು ಬೇರೆ. ಅದಕ್ಕೆ ಈ ಯೋಜನೆಯಲ್ಲಿ ಜಾಗವಿದೆ.

ಎಐಎಫ್ ಅಂತಾರಲ್ಲ, ಅದು ಗೋದಾಮು ಕಟ್ಟೋರಿಗಷ್ಟ ಅಲ್ಲೇನ್ರಿ?

ಗೋದಾಮಿಗಷ್ಟೇ ಅಲ್ಲ. 2020ರಲ್ಲಿ ಬಂದ ಕೃಷಿ ಮೂಲಸೌಕರ್ಯ ನಿಧಿಯಲ್ಲಿ ಯಂತ್ರಗಳ ಬಾಡಿಗೆ ಸೇವಾ ಕೇಂದ್ರಗಳಿಗೂ ಅವಕಾಶವಿದೆ. ಒಂದು ಲಕ್ಷ ಕೋಟಿ ರೂಪಾಯಿಯ ಈ ನಿಧಿಯಡಿ 2 ಕೋಟಿ ರೂಪಾಯಿವರೆಗಿನ ಸಾಲಕ್ಕೆ ಶೇ 3ರಷ್ಟು ಬಡ್ಡಿ ರಿಯಾಯಿತಿ ಗರಿಷ್ಠ 7 ವರ್ಷ ಸಿಗುತ್ತದೆ, ಬ್ಯಾಂಕ್ ಹಾಕುವ ಬಡ್ಡಿಗೆ ಶೇ 9ರ ಮಿತಿ ಇದೆ, 2 ಕೋಟಿವರೆಗಿನ ಸಾಲದ ಗ್ಯಾರಂಟಿ ಶುಲ್ಕವನ್ನು ಸರ್ಕಾರವೇ ಭರಿಸುತ್ತದೆ. ಅಸಲು ಕಟ್ಟಲು ಆರು ತಿಂಗಳಿಂದ ಎರಡು ವರ್ಷದವರೆಗೆ ಬಿಡುವನ್ನೂ ಕೊಡಬಹುದು. ಒಂದೇ ಯೋಜನೆಯಲ್ಲಿ ಬಡ್ಡಿ ರಿಯಾಯಿತಿ, ಗ್ಯಾರಂಟಿ ಎರಡೂ ಇರುವುದರಿಂದ ನಮ್ಮ ಕಡೆಯ ಕಟಾವು ಉದ್ಯಮಿಗಳಿಗೆ ಇದೇ ಎಲ್ಲಕ್ಕಿಂತ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ.

ತೊಡಕು ಇರುವುದು ಯೋಜನಾ ವರದಿಯಲ್ಲಿ. ಬರೀ ‘ಒಂದು ಹಾರ್ವೆಸ್ಟರ್ ಖರೀದಿ’ ಎಂದು ಬರೆದ ವರದಿ ವಾಹನ ಸಾಲದಂತೆ ಕಾಣುತ್ತದೆ. ಸೇವಾ ಕೇಂದ್ರವೆಂದರೆ ಯಾವ ಊರುಗಳ ಎಷ್ಟು ಎಕರೆಗೆ, ಯಾವ ಯಾವ ಯಂತ್ರಗಳಿಂದ, ಯಾವ ತಿಂಗಳಲ್ಲಿ, ಯಾವ ದರಕ್ಕೆ ಸೇವೆ ಕೊಡುತ್ತೀರಿ ಎಂಬುದು ಅದರಲ್ಲಿ ಕಾಣಬೇಕು. ನಿಧಿಯಿಂದ ಸಾಲ ವಿತರಿಸುವ ಅವಧಿಯನ್ನು 2025-26ರವರೆಗೆಂದು ನಿಗದಿ ಮಾಡಿದ್ದರು, ಆದ್ದರಿಂದ ಕೊಟೇಶನ್ ತರುವ ಮೊದಲೇ ಶಾಖೆಯಲ್ಲಿ ಈಗಿನ ಅವಧಿಯನ್ನು ವಿಚಾರಿಸಿಕೊಳ್ಳಿ.

ಕೃಷಿ ಇಲಾಖೆ ಸಬ್ಸಿಡಿ ಬ್ಯಾಂಕ್ ಸಾಲದ ಜೊತಿಗೆ ಸಿಗತೈತಾ, ಇಲ್ಲಾ ಎರಡರಾಗ ಒಂದಾ?

ಜೊತೆಗೇ ಸಿಗಬಹುದು. ಕೇಂದ್ರದ ಕೃಷಿ ಯಾಂತ್ರೀಕರಣ ಉಪ ಅಭಿಯಾನ 2014-15ರಿಂದ ನಡೆಯುತ್ತಿದೆ. ಅದರಲ್ಲಿ ವೈಯಕ್ತಿಕ ಯಂತ್ರಕ್ಕೆ ಸಣ್ಣ, ಅತಿಸಣ್ಣ ರೈತರು, ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 50, ಉಳಿದವರಿಗೆ ಶೇ 40, ಯಂತ್ರವಾರು ಗರಿಷ್ಠ ಮಿತಿಯೊಳಗೆ. ರಾಜ್ಯದಲ್ಲಿ ರೈತರಿಗೆ ಯಂತ್ರ ಬಾಡಿಗೆಗೆ ಕೊಡುವ ಹೋಬಳಿ ಮಟ್ಟದ ಕೃಷಿ ಯಂತ್ರಧಾರೆ ಕೇಂದ್ರಗಳಿವೆ, 2023-24ರ ಬಜೆಟ್‌ನಲ್ಲಿ ಹೈಟೆಕ್ ಹಾರ್ವೆಸ್ಟರ್ ಹಬ್‌ಗಳನ್ನೂ ಘೋಷಿಸಲಾಯಿತು. ಅರ್ಜಿಗೆ ಹೋಗಬೇಕಾದ ಜಾಗ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರ.

ಎರಡು ಎಚ್ಚರಿಕೆ. ಸಬ್ಸಿಡಿ ಮಂಜೂರಾತಿ ಪತ್ರ ಕೈಗೆ ಬರುವ ಮೊದಲು ಯಂತ್ರ ಖರೀದಿಸಬೇಡಿ. ಬಿಲ್ಲಿನ ದಿನಾಂಕ ಹಿಂದಿನದಾಗಿದ್ದರೆ ಕಡತ ಅಲ್ಲಿಗೇ ನಿಲ್ಲುತ್ತದೆ. ಎರಡನೆಯದಾಗಿ, ಸಬ್ಸಿಡಿ ಹಣವನ್ನು ನಿಮ್ಮ ಪಾಲಿನ ಮುಂಗಡವೆಂದು ಬ್ಯಾಂಕಿಗೆ ತೋರಿಸಲಾಗದು. ಅದು ಬರುವುದು ಆಮೇಲೆ, ಮುಂಗಡ ಕಟ್ಟಬೇಕಾದದ್ದು ಮೊದಲು.

ನನ್ನ ಮಗ ಬಿಎಸ್ಸಿ ಅಗ್ರಿ ಮುಗಿಸ್ಯಾನ, ಅವನಿಗೆ ಬೇರೆ ಏನರ ಐತಾ?

ಇದೆ, ಮತ್ತು ರಾಯಚೂರಿನಲ್ಲೇ ಕೃಷಿ ವಿಶ್ವವಿದ್ಯಾಲಯ ಇರುವ ನಮ್ಮ ಭಾಗದಲ್ಲಿ ಅದನ್ನು ಬಳಸಿಕೊಂಡವರು ಕಡಿಮೆ. 2002ರಿಂದಿರುವ ಕೃಷಿ ಚಿಕಿತ್ಸಾಲಯ ಮತ್ತು ಕೃಷಿ ವ್ಯಾಪಾರ ಕೇಂದ್ರಗಳ ಯೋಜನೆಯಲ್ಲಿ ಕೃಷಿ ಪದವೀಧರರಿಗೆ 45 ದಿನಗಳ ಉಚಿತ ತರಬೇತಿ ಕೊಟ್ಟು, 20 ಲಕ್ಷದವರೆಗಿನ ವೈಯಕ್ತಿಕ ಯೋಜನೆಗೆ ಸಾಮಾನ್ಯ ವರ್ಗದವರಿಗೆ ಶೇ 36, ಮಹಿಳೆಯರು ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 44 ಸಹಾಯಧನವನ್ನು ನಬಾರ್ಡ್ ಮೂಲಕ ಕೊಡುತ್ತಾರೆ. ಗುಂಪಾಗಿ ಮಾಡಿದರೆ ಒಂದು ಕೋಟಿವರೆಗೆ. ಕೃಷಿ ಯಂತ್ರಗಳ ದುರಸ್ತಿ ಮತ್ತು ಬಾಡಿಗೆ ಸೇವೆ ಅದರ ಅರ್ಹ ಚಟುವಟಿಕೆ. ತರಬೇತಿ ಪ್ರಮಾಣಪತ್ರ ಮೊದಲು, ಸಾಲದ ಅರ್ಜಿ ಆಮೇಲೆ.

ಸೊಸೈಟಿದಾಗ 3 ಪರ್ಸೆಂಟಿಗೆ ಕೊಡ್ತಾರಂತಲ್ಲ?

ರಾಜ್ಯದ ಸಹಕಾರ ಸಂಘಗಳು ಮತ್ತು ಪಿಎಲ್‌ಡಿ (ಭೂ ಅಭಿವೃದ್ಧಿ) ಬ್ಯಾಂಕುಗಳ ಮೂಲಕ ರೈತರಿಗೆ ಮಧ್ಯಮಾವಧಿ ಮತ್ತು ದೀರ್ಘಾವಧಿ ಸಾಲ ಶೇ 3ರ ಬಡ್ಡಿಯಲ್ಲಿ ಸಿಗುತ್ತದೆ, ಅದರ ಮಿತಿಯನ್ನು 2023-24ರ ಬಜೆಟ್‌ನಲ್ಲಿ 10ರಿಂದ 15 ಲಕ್ಷಕ್ಕೆ ಏರಿಸಿದರು. ಇದು ರೈತ ಸದಸ್ಯರಿಗೆ, ಜಮೀನಿನ ಆಧಾರದ ಮೇಲೆ, ಸಂಘದ ಬಳಿ ಹಣ ಇದ್ದಾಗ. ಸಿಕ್ಕರೆ ಇದಕ್ಕಿಂತ ಅಗ್ಗದ ಹಣ ಬೇರೆಲ್ಲೂ ಇಲ್ಲ. ಕಂತು ತಪ್ಪಿದರೆ ಮಾತ್ರ ಆ ರಿಯಾಯಿತಿ ಹೋಗಿ ಪೂರ್ತಿ ಬಡ್ಡಿ ಬೀಳುತ್ತದೆ.

## ಕಾಗದಪತ್ರ, ತೆರಿಗೆ

ಬ್ಯಾಂಕಿಗೆ ಹೋಗುವಾಗ ಏನೇನು ಒಯ್ಯಬೇಕು?

ಆಧಾರ್, ಪ್ಯಾನ್, ಉದ್ಯಮ್ ನೋಂದಣಿ, ಒಂದು ವರ್ಷದ ಬ್ಯಾಂಕ್ ಖಾತೆ ವಿವರ, ಎರಡು ಮೂರು ವರ್ಷದ ಆದಾಯ ತೆರಿಗೆ ರಿಟರ್ನ್, ಅಧಿಕೃತ ವಿತರಕರ ಕೊಟೇಶನ್, ಯೋಜನಾ ವರದಿ, ಹೊಲವಿದ್ದರೆ ಪಹಣಿ. ಉದ್ಯಮ್ ನೋಂದಣಿ 2020ರ ಜುಲೈಯಿಂದ ಪೂರ್ತಿ ಉಚಿತ. ಅದಕ್ಕೆ ಸಾವಿರಾರು ರೂಪಾಯಿ ಕೇಳುವ ಅಂಗಡಿಗಳ ಬಾಗಿಲಿಗೆ ಹೋಗಬೇಡಿ.

ಪಟ್ಟಿಯಲ್ಲಿ ಇಲ್ಲದ, ಆದರೆ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವ ಕಾಗದ ಒಂದಿದೆ: ಹಿಂದಿನ ಸುಗ್ಗಿಯ ಡೈರಿ. ಕಾರಟಗಿ ಕಡೆಯ ಒಬ್ಬ ಚಾಲಕ ಬೇರೆಯವರ ಮಷಿನ್ ಓಡಿಸುತ್ತಿದ್ದ ನಾಲ್ಕು ಸುಗ್ಗಿಯ ಲೆಕ್ಕವನ್ನು ಡೀಸೆಲ್ ಕಲೆ ಬಿದ್ದ ಒಂದು ನೂರು ಪುಟದ ನೋಟುಬುಕ್ಕಿನಲ್ಲಿ ಇಟ್ಟಿದ್ದ. ಯಾರ ಹೊಲ, ಎಷ್ಟು ಎಕರೆ, ಎಷ್ಟಕ್ಕೆ ಶುರು, ಎಷ್ಟಕ್ಕೆ ಮುಗಿಯಿತು, ಎಷ್ಟು ಲೀಟರ್. ಮ್ಯಾನೇಜರ್ ನನ್ನ ಯೋಜನಾ ವರದಿಯನ್ನು ಎರಡು ನಿಮಿಷ ನೋಡಿ, ಆ ನೋಟುಬುಕ್ಕನ್ನು ಇಪ್ಪತ್ತು ನಿಮಿಷ ಓದಿದರು. ಸಾಲ ಆಯಿತು.

ಒಕ್ಕಲುತನದ ಆದಾಯಕ್ಕ ಟ್ಯಾಕ್ಸ್ ಇಲ್ಲ, ಮತ್ತ್ಯಾಕ ರಿಟರ್ನ್ ಕೇಳತಾರ?

ನಿಮ್ಮ ಹೊಲದ ಭತ್ತ ಮಾರಿದ ಹಣ ಕೃಷಿ ಆದಾಯ. ಮತ್ತೊಬ್ಬರ ಹೊಲದ ಭತ್ತ ಕೊಯ್ದು ಪಡೆದ ಬಾಡಿಗೆ ವ್ಯಾಪಾರದ ಆದಾಯ. ಈ ಗೆರೆ ತಿಳಿಯದೆ ಹತ್ತು ವರ್ಷ ಮಷಿನ್ ಓಡಿಸಿಯೂ ಒಂದು ರಿಟರ್ನ್ ಹಾಕದವರಿದ್ದಾರೆ, ಮತ್ತು ಎರಡನೇ ಮಷಿನಿಗೆ ಸಾಲ ಕೇಳಿದಾಗ ಅವರ ಕೈಯಲ್ಲಿ ಆದಾಯದ ಸಾಕ್ಷಿ ಏನೂ ಇರುವುದಿಲ್ಲ. ವಹಿವಾಟು ಎರಡು ಕೋಟಿಯೊಳಗಿರುವವರು ಪುಸ್ತಕ ಇಡದೆಯೇ ಅಂದಾಜು ಪದ್ಧತಿಯಲ್ಲಿ ನಗದು ವಹಿವಾಟಿನ ಶೇ 8, ಬ್ಯಾಂಕ್ ಮತ್ತು ಫೋನ್‌ಪೇಯಂತಹ ಮಾರ್ಗದಲ್ಲಿ ಬಂದದ್ದರ ಶೇ 6 ಲಾಭವೆಂದು ತೋರಿಸಬಹುದು. ಆದರೆ ಬ್ಯಾಂಕ್ ನೋಡುವುದೂ ಅದೇ ಅಂಕಿಯನ್ನು. ತೆರಿಗೆ ಉಳಿಸಲು ಲಾಭವನ್ನು ತೀರ ಕಡಿಮೆ ತೋರಿಸಿದರೆ, ಕಂತು ಕಟ್ಟುವ ಶಕ್ತಿಯೂ ಅಷ್ಟೇ ಕಡಿಮೆ ಕಾಣುತ್ತದೆ.

ಜಿಎಸ್‌ಟಿ ನಂಬರ್ ಇಲ್ಲ ಅಂತ ಅರ್ಜಿ ವಾಪಸ್ ಕೊಟ್ರು, ಏನು ಮಾಡಲಿ?

ಬೆಳೆ ಕೊಯ್ಯುವುದು, ಒಕ್ಕುವುದು, ಕೃಷಿ ಯಂತ್ರ ಬಾಡಿಗೆಗೆ ಕೊಡುವುದು 2017ರ ವಿನಾಯಿತಿ ಅಧಿಸೂಚನೆಯಡಿ ಜಿಎಸ್‌ಟಿಯಿಂದ ಹೊರಗಿವೆ, ಮತ್ತು ವಿನಾಯಿತಿ ಇರುವ ಸೇವೆಯನ್ನಷ್ಟೇ ಕೊಡುವವರು ನೋಂದಣಿ ಮಾಡಿಸಬೇಕಾಗಿಲ್ಲ. ಇದನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿ ಅರ್ಜಿಯ ಜೊತೆ ಇಡಿ, ಸಾಧ್ಯವಾದರೆ ಲೆಕ್ಕ ಪರಿಶೋಧಕರ ಪತ್ರವನ್ನೂ ಸೇರಿಸಿ. ಇದರ ಇನ್ನೊಂದು ಮಗ್ಗುಲೆಂದರೆ ಯಂತ್ರ ಕೊಳ್ಳುವಾಗ ಕೊಟ್ಟ ಜಿಎಸ್‌ಟಿ ನಿಮಗೆ ಹಿಂದಿರುಗುವುದಿಲ್ಲ, ಅದು ಬೆಲೆಯ ಭಾಗವೇ ಆಗುತ್ತದೆ. ಕಟಾವು ಯಂತ್ರಗಳ ಮೇಲಿನ ದರ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ 5ಕ್ಕೆ ಇಳಿದಿದೆ, ಆದ್ದರಿಂದ ಹಳೆಯ ಕೊಟೇಶನ್ ಇದ್ದರೆ ಹೊಸದು ತರಿಸಿ.

## ಕಂತಿನ ಲೆಕ್ಕ

ಎಷ್ಟು ತಾಸು ಓಡಿದ್ರ ಕಂತು ಗಿಟ್ಟತೈತಿ?

ಈ ಪ್ರಶ್ನೆಯನ್ನು ಎಲ್ಲಕ್ಕಿಂತ ಮೊದಲು ಕೇಳಬೇಕು, ಕೇಳುವವರು ಮಾತ್ರ ಹತ್ತರಲ್ಲಿ ಇಬ್ಬರು. ತಿಳಿಯಲೆಂದು ಒಂದು ಲೆಕ್ಕ ಹಾಕೋಣ, ಅಂಕಿಗಳ ಜಾಗದಲ್ಲಿ ನಿಮ್ಮವನ್ನು ಇಟ್ಟುಕೊಳ್ಳಿ.

ಸಾಲ 20 ಲಕ್ಷ, ಬಡ್ಡಿ ಶೇ 9, ಅವಧಿ 5 ವರ್ಷ, ಆರು ತಿಂಗಳಿಗೊಂದು ಕಂತು ಎಂದುಕೊಳ್ಳಿ. ಒಂದು ಕಂತು ಸುಮಾರು 2 ಲಕ್ಷ 53 ಸಾವಿರ, ವರ್ಷಕ್ಕೆ 5 ಲಕ್ಷ 5 ಸಾವಿರ. ತಾಸಿಗೆ ಬಾಡಿಗೆ 2,500 ರೂಪಾಯಿ ಬಂದು, ಡೀಸೆಲ್, ಚಾಲಕ, ಸಹಾಯಕ, ದುರಸ್ತಿ, ದಲ್ಲಾಳಿ ಕಮಿಷನ್ ಎಲ್ಲ ಸೇರಿ 1,300 ಹೋದರೆ ಉಳಿಯುವುದು 1,200. ಅಂದರೆ ಕಂತಿಗೇ ವರ್ಷಕ್ಕೆ 421 ತಾಸು ಓಡಬೇಕು. ಮನೆಗೆ ಒಂದು ರೂಪಾಯಿಯೂ ಇನ್ನೂ ಬಂದಿಲ್ಲ. ಶೇ 3ರ ಬಡ್ಡಿ ರಿಯಾಯಿತಿ ಸಿಕ್ಕು ನಿಮ್ಮ ಪಾಲಿನ ಬಡ್ಡಿ ಶೇ 6ಕ್ಕೆ ಇಳಿದರೆ ಅದೇ ಕಂತಿಗೆ 391 ತಾಸು ಸಾಕು.

ಈಗ ಇನ್ನೊಂದು ಕಡೆ ನೋಡಿ. ಒಂದು ಊರಿನ ಸುತ್ತ ಭತ್ತ ಒಮ್ಮೆಗೇ ಹಣ್ಣಾಗುತ್ತದೆ. ಸುಗ್ಗಿ ಇಪ್ಪತ್ತು ದಿನ, ದಿನಕ್ಕೆ ಹತ್ತು ತಾಸು ಎಂದರೂ 200 ತಾಸು. ನವೆಂಬರ್-ಡಿಸೆಂಬರಿನದು ಒಂದು, ಏಪ್ರಿಲ್-ಮೇ ತಿಂಗಳಿನದು ಒಂದು, ಎರಡೂ ಸೇರಿ 400. ಬಡ್ಡಿ ರಿಯಾಯಿತಿ ಪಡೆದವನು ಕಂತು ಕಟ್ಟಿ ಬರಿಗೈಯಲ್ಲಿ ನಿಲ್ಲುತ್ತಾನೆ, ಪಡೆಯದವನು ಕೈಯಿಂದ ಹಾಕುತ್ತಾನೆ. ಅದಕ್ಕೇ ಅನುಭವವಿದ್ದವರು ಮಷಿನನ್ನು ಊರಲ್ಲಿ ನಿಲ್ಲಿಸುವುದಿಲ್ಲ. ಕಾಲುವೆಯ ಮೇಲ್ಭಾಗದಲ್ಲಿ ಮೊದಲು ನಾಟಿಯಾದ ಹೊಲಗಳಿಂದ ಶುರುಮಾಡಿ ಕೊನೆಯ ಭಾಗಕ್ಕೆ ಇಳಿಯುತ್ತಾರೆ, ಕಡಲೆ, ಮೆಕ್ಕೆಜೋಳಕ್ಕೆ ಬೇಕಾದ ಜೋಡಣೆ ಹಾಕಿಸಿ ಎರಡು ಸುಗ್ಗಿಯ ನಡುವೆಯೂ ಓಡಿಸುತ್ತಾರೆ, ಟ್ರೇಲರ್ ಮೇಲೆ ಹೇರಿಕೊಂಡು ಬೇರೆ ಜಿಲ್ಲೆಗೆ ಹೋಗುತ್ತಾರೆ. ಯೋಜನಾ ವರದಿಯಲ್ಲಿ ಈ ಓಡಾಟ ತಿಂಗಳುವಾರು ಇರಬೇಕು. ಸಬ್ಸಿಡಿ ಎಷ್ಟು ಎಂಬುದಕ್ಕಿಂತ ತಾಸು ಎಷ್ಟು ಎಂಬುದೇ ಈ ಉದ್ಯಮವನ್ನು ಉಳಿಸುತ್ತದೆ ಅಥವಾ ಕೆಡಿಸುತ್ತದೆ.

ಚೈನ್ ಮಷಿನಿಗೆ ಸಾಲ ಬೇಗ ಆಗತೈತಾ, ಟೈರ್ ಮಷಿನಿಗಾ?

ಬ್ಯಾಂಕಿಗೆ ಭೇದವಿಲ್ಲ, ನಿಮ್ಮ ಹೊಲಗಳಿಗೆ ಇದೆ. ನೀರು ಬಸಿಯದ ಕೆಸರು ಗದ್ದೆಗೆ ಚೈನು, ಒಣಗಿದ ನೆಲಕ್ಕೆ ಮತ್ತು ದೂರದ ಓಡಾಟಕ್ಕೆ ಟೈರು.

ತಿಂಗಳಾ ತಿಂಗಳಾ ಕಂತು ನಮಗಾಗಲ್ರಿ, ಸುಗ್ಗಿಗೊಮ್ಮೆ ಕಟ್ಟೋ ಹಂಗ ಮಾಡಬಹುದಾ?

ಮಾಡಬಹುದು, ಮಂಜೂರಾತಿಗೆ ಮೊದಲು ಕೇಳಿದರೆ. ಕೃಷಿ ಯಂತ್ರಗಳ ಸಾಲಕ್ಕೆ ಅರ್ಧವಾರ್ಷಿಕ ಕಂತು ಹೊಸದೇನಲ್ಲ. ಕಂತಿನ ದಿನಾಂಕವನ್ನು ಸುಗ್ಗಿ ಮುಗಿದು, ಉದ್ದರಿ ವಸೂಲಾಗಲು ಒಂದಿಷ್ಟು ವಾರ ಬಿಟ್ಟು, ಜನವರಿ ಮತ್ತು ಜೂನ್ ಕೊನೆಗೆ ಇಡಲು ಕೇಳಿ. ಮಂಜೂರಾತಿ ಪತ್ರದಲ್ಲಿ ‘ಮಾಸಿಕ’ ಎಂದು ಅಚ್ಚಾಗಿ ಬಂದರೆ ಸಹಿ ಮಾಡುವ ಮೊದಲೇ ತಿದ್ದಿಸಿ. ನಾನೇ ಒಮ್ಮೆ ಇದನ್ನು ನೋಡದೆ ಬಿಟ್ಟು, ಒಬ್ಬರು ಫೆಬ್ರುವರಿ, ಮಾರ್ಚಿನ ಕಂತಿಗೆ ಕೈಗಡ ತರಬೇಕಾಯಿತು. ಅಂದಿನಿಂದ ಆ ಸಾಲಿಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದೇ ಕಡತ ಕೊಡುತ್ತೇನೆ.

ಡ್ಯಾಮಿನಾಗ ನೀರಿಲ್ಲ, ಎರಡನೇ ಬೆಳಿ ಇಲ್ಲ ಅಂದ್ರ ಕಂತಿನ ಗತಿ ಏನು?

ಭಯಕ್ಕೆ ಕಾರಣವಿದೆ. 2023ರ ಬರದಲ್ಲಿ ತುಂಗಭದ್ರಾ ಜಲಾಶಯ ಪೂರ್ತಿ ತುಂಬಲಿಲ್ಲ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯಿತು. ಮುಂದೆ 33 ಗೇಟುಗಳನ್ನೂ ಬದಲಿಸುವ ಕೆಲಸಕ್ಕಾಗಿ 2025-26ರಲ್ಲಿ ಎರಡನೇ ಬೆಳೆಗೆ ನೀರು ಬಿಡದಿರುವ ತೀರ್ಮಾನವಾಯಿತು. ಬೆಳೆ ಹೋದ ರೈತನಿಗೆ ವಿಮೆಯೋ ಪರಿಹಾರವೋ ಬಂದೀತು, ಆ ಬೆಳೆಯನ್ನು ಕೊಯ್ಯಬೇಕಿದ್ದ ಮಷಿನಿನವನಿಗೆ ಯಾವುದೂ ಬರುವುದಿಲ್ಲ.

ಆದ್ದರಿಂದ ಒಂದೇ ಬೆಳೆ ಸಿಕ್ಕ ವರ್ಷವೂ ನಿಲ್ಲುವಂತೆ ಸಾಲದ ಮೊತ್ತವನ್ನು ಮೊದಲೇ ಇಳಿಸಿಕೊಳ್ಳಿ, ಅವಧಿಯನ್ನು ಐದರ ಬದಲು ಏಳು ವರ್ಷಕ್ಕೆ ಕೇಳಿ, ಒಂದು ಕಂತಿನಷ್ಟು ಹಣವನ್ನು ಠೇವಣಿಯಲ್ಲಿಡಿ. ನೀರಿಲ್ಲವೆಂಬ ತೀರ್ಮಾನ ಹೊರಬಿದ್ದ ವಾರವೇ ಬ್ಯಾಂಕಿಗೆ ಲಿಖಿತ ಅರ್ಜಿ ಕೊಟ್ಟು ಕಂತು ಮರುಹೊಂದಾಣಿಕೆ ಕೇಳಿ. ಕಂತು ತಪ್ಪಿದ ಮೇಲೆ ಕೇಳುವುದಕ್ಕೂ ತಪ್ಪುವ ಮೊದಲು ಕೇಳುವುದಕ್ಕೂ ಬ್ಯಾಂಕಿನ ದೃಷ್ಟಿಯಲ್ಲಿ ಬಹಳ ಅಂತರವಿದೆ.

## ತೊಡಕಿನ ಪ್ರಶ್ನೆಗಳು

ಜಾಮೀನು ಬೇಡ ಅಂತ ಯೋಜನಾದಾಗ ಐತಿ, ಬ್ಯಾಂಕಿನ್ಯಾರು ಹೊಲ ಬರಕೊಡು ಅಂತಾರ. ಯಾವುದು ಖರೆ?

ಎರಡೂ ಖರೆ ಇರಬಹುದು. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳಬಾರದೆಂದು ರಿಸರ್ವ್ ಬ್ಯಾಂಕ್ 2010ರಲ್ಲೇ ಹೇಳಿತ್ತು, 2026ರ ಏಪ್ರಿಲ್‌ನಿಂದ ಮಂಜೂರಾಗುವ ಸಾಲಗಳಿಗೆ ಆ ಮಿತಿ 20 ಲಕ್ಷ. ಅದಕ್ಕಿಂತ ದೊಡ್ಡ ಸಾಲದಲ್ಲಿ ಗ್ಯಾರಂಟಿ ನಿಧಿಯ ಬಳಕೆ ಬ್ಯಾಂಕಿನ ವಿವೇಚನೆ. ಆ ನಿಧಿಯ ಮಿತಿ 2025ರ ಏಪ್ರಿಲ್‌ನಿಂದ 10 ಕೋಟಿಗೆ ಏರಿದ್ದರೂ ಶಾಖೆ ಮಟ್ಟದಲ್ಲಿ ಹಿಂಜರಿಕೆ ಇದ್ದೇ ಇದೆ. ಕೃಷಿ ಸಾಲವೆಂದು ಪರಿಗಣಿಸಿದರಂತೂ ಅಡಮಾನವಿಲ್ಲದ ಮಿತಿ ಈಗ 2 ಲಕ್ಷ ಮಾತ್ರ. ಯಂತ್ರವಂತೂ ಯಾವ ಸಾಲದಲ್ಲಾದರೂ ಬ್ಯಾಂಕಿನ ಹೆಸರಿಗೆ ಒತ್ತೆ ಇರುತ್ತದೆ. ‘ಗ್ಯಾರಂಟಿ ಶುಲ್ಕ ನಾನು ಕಟ್ಟುತ್ತೇನೆ, ಅದರಡಿ ಪರಿಗಣಿಸಿ’ ಎಂದು ಅರ್ಜಿಯಲ್ಲೇ ಬರೆಯಿರಿ.

ಆರು ತಿಂಗಳಾತು, ಹೂಂ ಅನ್ನಲ್ಲ, ಉಹೂಂ ಅನ್ನಲ್ಲ. ಯಾರ ಹತ್ರ ಹೋಗಲಿ?

ಸಣ್ಣ ಉದ್ಯಮಗಳ 25 ಲಕ್ಷದವರೆಗಿನ ಅರ್ಜಿಯ ಮೇಲೆ, ಕಾಗದ ಪೂರ್ತಿಯಿದ್ದರೆ, 14 ಕೆಲಸದ ದಿನಗಳಲ್ಲಿ ತೀರ್ಮಾನ ಹೇಳಬೇಕೆಂಬ ನಿಯಮವಿದೆ. ಅದನ್ನು ಬಳಸಿಕೊಳ್ಳಲು ಅರ್ಜಿ ಸಲ್ಲಿಸಿದ ಸ್ವೀಕೃತಿ ನಿಮ್ಮ ಕೈಯಲ್ಲಿರಬೇಕು. ಮ್ಯಾನೇಜರ್ ಮೇಜಿನ ಮೇಲೆ ಇಟ್ಟು ಬಂದ ಕಡತಕ್ಕೆ ದಿನಾಂಕ ಇರುವುದಿಲ್ಲ. ಮೊದಲು ಶಾಖೆಗೆ ಲಿಖಿತ ದೂರು, ಆಮೇಲೆ ಬ್ಯಾಂಕಿನ ಪ್ರಾದೇಶಿಕ ಕಚೇರಿ, ಜೊತೆಗೆ ಜಿಲ್ಲೆಯ ಬ್ಯಾಂಕುಗಳ ಸಮನ್ವಯ ನೋಡುವ ಲೀಡ್ ಬ್ಯಾಂಕ್ ವ್ಯವಸ್ಥಾಪಕರು. ಮೂವತ್ತು ದಿನ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ಉಚಿತವಾಗಿ ದೂರು ಕೊಡಬಹುದು. ನಮ್ಮ ಭಾಗದ ಅನೇಕ ಹಳ್ಳಿಗಳಿಗೆ ಹತ್ತಿರವಿರುವ ಗ್ರಾಮೀಣ ಬ್ಯಾಂಕ್ 2025ರ ಮೇ ತಿಂಗಳಲ್ಲಿ ವಿಲೀನವಾಗಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆದ ಮೇಲೂ ಪ್ರಧಾನ ಕಚೇರಿ ಬಳ್ಳಾರಿಯಲ್ಲೇ ಇರುವುದು ನಮಗೊಂದು ಅನುಕೂಲ.

ಪಂಜಾಬಿನ್ಯಾರದು ಹಳೇ ಮಷಿನ್ ಅಗ್ಗಕ್ಕ ಬರತೈತಿ, ಅದಕ್ಕ ಸಾಲ ಮಾಡಿಸ್ರಿ?

ಸಬ್ಸಿಡಿ ಹೊಸ ಯಂತ್ರಕ್ಕೆ ಮಾತ್ರ. ಹಳೆಯದಕ್ಕೆ ಸಾಲ ಕೊಡುವುದು ಸಾಮಾನ್ಯವಾಗಿ ಖಾಸಗಿ ಹಣಕಾಸು ಕಂಪನಿಗಳು, ಹೆಚ್ಚಿನ ಬಡ್ಡಿಗೆ. ಬೇರೆ ರಾಜ್ಯದ ನೋಂದಣಿಯಿದ್ದರೆ ಹಳೆಯ ಸಾಲದ ಒತ್ತೆ ತೆರವಾಗಿದೆಯೇ ಎಂದು ಆರ್‌ಸಿಯಲ್ಲಿ ನೋಡದೆ ಮುಂಗಡ ಕೊಡಬೇಡಿ.

ಕಂತು ತಪ್ಪಿದ್ರ ಹೊಲ ಹೋಗತೈತಾ, ಮಷಿನ್ ಹೋಗತೈತಾ?

ಮೊದಲು ಹೋಗುವುದು ಮಷಿನ್, ಏಕೆಂದರೆ ಒತ್ತೆ ಇರುವುದು ಅದು. ಕೃಷಿ ಭೂಮಿಯನ್ನು ಸರ್ಫೇಸಿ ಕಾಯ್ದೆಯಡಿ (ನ್ಯಾಯಾಲಯಕ್ಕೆ ಹೋಗದೆ ಆಸ್ತಿ ವಶಪಡಿಸಿಕೊಳ್ಳಲು ಬ್ಯಾಂಕಿಗೆ ಅಧಿಕಾರ ಕೊಡುವ ಕಾನೂನು) ನೇರವಾಗಿ ವಶಕ್ಕೆ ತೆಗೆದುಕೊಳ್ಳುವಂತಿಲ್ಲ. ಆದರೆ ಅಡಮಾನ ಬರೆದುಕೊಟ್ಟಿದ್ದರೆ ನ್ಯಾಯಾಲಯದ ದಾರಿ ಬ್ಯಾಂಕಿಗೆ ತೆರೆದೇ ಇರುತ್ತದೆ. ಬೆಳೆ ಸಾಲಕ್ಕೆ ಎರಡು ಬೆಳೆ ಹಂಗಾಮಿನ ಕಾಲಾವಕಾಶ ಸಿಗುವಂತೆ ಇದಕ್ಕೂ ಸಿಗುತ್ತದೆಂದು ಹಲವರು ನಂಬಿದ್ದಾರೆ. ಬಾಡಿಗೆ ಸೇವೆಯ ಸಾಲಕ್ಕೆ ಆ ರಿಯಾಯಿತಿ ಅನ್ವಯಿಸುವುದಿಲ್ಲ, ಕಂತಿನ ದಿನದಿಂದ 90 ದಿನ ಮೀರಿದರೆ ಖಾತೆ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ.

ಒಂದ ಸುಗ್ಗಿ ಚೊಲೋ ಆತು, ಪೂರ್ತಿ ಕಟ್ಟಿ ಬಿಡಲೇನ್ರಿ?

ಬದಲಾಗುವ ಬಡ್ಡಿದರದ ಸಾಲವನ್ನು ಮುಂಚಿತವಾಗಿ ತೀರಿಸಿದರೆ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ ವಾಣಿಜ್ಯ ಬ್ಯಾಂಕುಗಳು ದಂಡ ಪಡೆಯಬಾರದೆಂಬ ರಿಸರ್ವ್ ಬ್ಯಾಂಕ್ ನಿರ್ದೇಶನ 2026ರ ಜನವರಿ 1ರಿಂದ ಮಂಜೂರಾಗುವ ಅಥವಾ ನವೀಕರಣವಾಗುವ ಸಾಲಗಳಿಗೆ ಅನ್ವಯಿಸುತ್ತದೆ. ಹಾಗಿದ್ದರೂ ಕೈಯಲ್ಲಿದ್ದುದೆಲ್ಲವನ್ನೂ ಕಟ್ಟಿ, ಮುಂದಿನ ಸುಗ್ಗಿಯ ಡೀಸೆಲ್ಲಿಗೆ ಮತ್ತೆ ಕೈಗಡ ಹುಡುಕುವ ಸ್ಥಿತಿ ತಂದುಕೊಳ್ಳಬೇಡಿ. ಶೇ 6ರ ಸಾಲ ತೀರಿಸಲು ನೂರಕ್ಕೆ ಎರಡು ಮೂರರ ತಿಂಗಳ ಬಡ್ಡಿಗೆ ಹಣ ತಂದವರನ್ನು ಕಂಡಿದ್ದೇನೆ. ಸಾಲ ಪೂರ್ತಿ ತೀರಿದ ದಿನ ಬ್ಯಾಂಕಿನಿಂದ ಬಾಕಿಯಿಲ್ಲದ ಪ್ರಮಾಣಪತ್ರ ಮತ್ತು ಸಹಿ ಮಾಡಿದ ನಮೂನೆ 35 (ಒತ್ತೆ ತೆರವಿನ ಅರ್ಜಿ) ಪಡೆದು, ಆರ್‌ಟಿಒ ಕಚೇರಿಯಲ್ಲಿ ಆರ್‌ಸಿ ಮೇಲಿನ ಬ್ಯಾಂಕಿನ ಹೆಸರು ತೆಗೆಸಿ. ವಿಮೆಯ ಪಾಲಿಸಿಯಲ್ಲಿಯೂ ಅದೇ ಹೆಸರು ಇರುತ್ತದೆ, ಅದನ್ನು ತೆಗೆಸಲು ಮರೆತರೆ ಹುಲ್ಲಿಗೆ ಬೆಂಕಿ ತಗುಲಿ ಮಷಿನ್ ಸುಟ್ಟ ದಿನ ಪರಿಹಾರದ ಚೆಕ್ಕು ಬ್ಯಾಂಕಿನ ಹೆಸರಿಗೆ ಬರುತ್ತದೆ.